ನಿಂತ ಚಿತ್ರದ ಮುಂದಿನ ಚಿತ್ರ

ಸ್ಟೋರ್‌ರೂಮಿನ ಪೆಟ್ಟಿಗೆಯಿಂದ ಮಗಳು ದೋಸೆ ಕಾವಲಿಯಷ್ಟು ಅಗಲದ ಬೆಳ್ಳಿಬಣ್ಣದ ತಟ್ಟೆಯೊಂದನ್ನು ಹೊರಗೆಳೆದಳು. ‘ಅಬ್ಬಾ, ಇದು ದೈತ್ಯರ ಸಿ.ಡಿ.ನಾ?’ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಕವರು ತೆರೆದಾಗ ಏಲಕ್ಕಿ ಬನ್ನಿನ ವಾಸನೆ. ಇಷ್ಟು ವರ್ಷ ಪ್ಲಾಸ್ಟಿಕ್ಕು ಅಂಥ ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ ಎಂದು ಗೊತ್ತು. ಆದರೂ ಬಂತು...

ನಾವು ಸ್ವೀಡನ್ನಿನ ವೆಸ್ಟೆರಾಸ್‌ ಊರಿಗೆ ಬಂದ ಹೊಸತರಲ್ಲಿ ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ತಂತ್ರಜ್ಞರಿದ್ದರು. ಅವರ ಹಾಲ್‌ನಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ವಿಡಿಯೋಡಿಸ್ಕ್ ಯಂತ್ರ. ಡಿವಿಡಿಗಿಂತ ಎಷ್ಟೋ ಮೊದಲಿನದು, ಲೇಸರ್ ಬೆಳಕಿನಿಂದ ತಟ್ಟೆಯನ್ನು ಓದುವಂಥದ್ದು. ಅರ್ಧ ಸಿನಿಮಾಕ್ಕೆ ತಟ್ಟೆ ಮಗುಚಬೇಕು. ಆ ಬಿಡುವಿನಲ್ಲಿ ಫೀಕಾ: ಕಾಫಿ, ಏಲಕ್ಕಿ ಬನ್ನು, ಹರಟೆ. ಮಗುಚಲು ಅರ್ಧ ನಿಮಿಷ, ಫೀಕಾಕ್ಕೆ ಮುಕ್ಕಾಲು ಗಂಟೆ. ಎಷ್ಟೋ ಸಿನಿಮಾಗಳ ಕೊನೆ ನನಗೆ ಇಂದಿಗೂ ಗೊತ್ತಿಲ್ಲ.

ಅವರ ಹತ್ತಿರ ಒಂದು ಬೇರೆಯೇ ತಟ್ಟೆಯಿತ್ತು. ಅವರ ಕಾರ್ಖಾನೆ ತರಬೇತಿಗೆಂದು ಮಾಡಿಸಿದ್ದು. ತಾಮ್ರದ ತಂತಿ ಸುತ್ತುವುದನ್ನು ಅದರಲ್ಲಿ ತೋರಿಸುವವರು ತೀರಿಕೊಂಡ ಅವರ ಹೆಂಡತಿ. ಆ ತಟ್ಟೆ ಒಂದು ಸಲ ಸುತ್ತಿದರೆ ಒಂದು ಚಿತ್ರ. ಬೇಕಾದಲ್ಲಿ ನಿಲ್ಲಿಸಿದರೆ ಪರದೆಯ ಮೇಲೆ ಚಿತ್ರ ಅಲುಗದೆ ನಿಲ್ಲುತ್ತದೆ, ಒಳಗೆ ತಟ್ಟೆ ಮಾತ್ರ ಸುತ್ತುತ್ತಲೇ ಇರುತ್ತದೆ. ಬರಬರುತ್ತ ಯಂತ್ರದ ಲೇಸರ್ ಕೊಳವೆ ಹಳತಾಗಿ ಸಿನಿಮಾ ಹಾಕುವುದನ್ನೂ ಬಿಟ್ಟಿದ್ದರು; ಅದು ಯಾವ ಗಳಿಗೆಯಲ್ಲಾದರೂ ಆರಿಹೋಗಬಹುದಿತ್ತು. ಹಾಗಾಗಿ ಅದನ್ನು ಹಾಕುತ್ತಿದ್ದುದು ವರ್ಷಕ್ಕೊಮ್ಮೆ, ಆಕೆಯ ಹುಟ್ಟುಹಬ್ಬದಂದು, ಒಂದೇ ಒಂದು ಚಿತ್ರಕ್ಕಾಗಿ. ಆಕೆ ಕೆಲಸದಿಂದ ತಲೆಯೆತ್ತಿ, ಕ್ಯಾಮೆರಾದ ಹಿಂದೆ, ಗೋಡೆಯ ಗಡಿಯಾರದ ಕೆಳಗೆ ನಿಂತಿದ್ದ ಇವರನ್ನು ನೋಡಿದ ಗಳಿಗೆ. ಮದುವೆಗೂ ಮುಂಚಿನದು.

ಒಂದು ವರ್ಷ ನಮ್ಮನ್ನೂ ಕರೆದರು. ಹೊರಗೆ ಹಿಮವಿತ್ತು. ಇಲ್ಲ, ಬೇಸಿಗೆ, ಕಿಟಕಿ ತೆರೆದಿತ್ತು ಎನ್ನುತ್ತಾಳೆ ನನ್ನ ಹೆಂಡತಿ... ಚಿತ್ರ ನಿಂತಿತು. ಅವರು ಕಣ್ಣೊರೆಸಿಕೊಳ್ಳುತ್ತಿದ್ದಾಗ, ನನ್ನ ಇಂಜಿನಿಯರ್ ಬೆರಳು ಸುಮ್ಮನಿರದೆ, ಕೇಳದೆಯೇ ನಾನು ಮುಂದಿನ ಚಿತ್ರದ ಗುಂಡಿ ಒತ್ತಿದೆ. ಮತ್ತೊಮ್ಮೆ. ಮತ್ತೊಮ್ಮೆ. ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ಅಲ್ಲಿಂದ ಮುಂದೆ ಹೋಗಿರಲಿಲ್ಲ. ಆಕೆಯ ಕಣ್ಣು ಇನ್ನಷ್ಟು ಮೇಲೇರಿತು. ಕೈ ಏಪ್ರನ್ನಿನ ಗಂಟಿಗೆ ಹೋಯಿತು.

‘ರೀ, ಅವ್ರು ಇವ್ರನ್ನ ನೋಡ್ತಾನೇ ಇಲ್ಲ. ಟೈಮ್ ನೋಡ್ತಿದಾರೆ, ಫೀಕಾಗೆ ಹೊರಟಿದಾರೆ’ ಎಂದಳು ನನ್ನ ಹೆಂಡತಿ, ಕನ್ನಡದಲ್ಲೇ. ಅವರಿಗೆ ಅರ್ಥವಾಗಲು ಫೀಕಾ ಎಂಬ ಪದವೊಂದೇ ಸಾಕಾಯಿತು. ಅವರು ಪರದೆಯನ್ನು ದಿಟ್ಟಿಸಿದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತ್ತು.

ಆಮೇಲೆ ಅವರು ನಗತೊಡಗಿದರು. ಸೋಫಾದ ಕೈ ಹಿಡಿದು, ಕೆಮ್ಮು ಬರುವವರೆಗೆ ನಕ್ಕರು. ‘ಇವಳೇ ನನ್ನ ಹೆಂಡತಿ’ ಎಂದರು. ‘ನಾನು ನೆನಪಿಟ್ಟುಕೊಂಡಿದ್ದವಳಿಗೆ ಹಸಿವೇ ಆಗ್ತಿರ್ಲಿಲ್ಲ.’

ಅಂದು ತಟ್ಟೆಯನ್ನು ಕೊನೆಯವರೆಗೂ ಓಡಿಸಿದೆವು, ಬನ್ನು ತಿನ್ನುತ್ತ. ಮರುವರ್ಷ ಕೊಳವೆ ಆರಿತು. ಅದರಾಚೆಯ ವರ್ಷ ಅವರೂ ಹೋದರು. ತಟ್ಟೆ ನಮಗೆ ಬಂತು.

ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಗೋಡೆಯ ಮೇಲೆಲ್ಲ ಬಣ್ಣಗಳು. ಇದರಲ್ಲಿ ಏನಿದೆ ಎಂದು ಕೇಳಿದಳು. ಕೆಲಸ ಬಿಟ್ಟು ಕಾಫಿಗೆ ಹೊರಟ ಒಬ್ಬ ಹೆಂಗಸು ಎಂದೆ. ತೋರಿಸು ಎಂದಳು. ತೋರಿಸಲು ಯಂತ್ರವಿರಲಿಲ್ಲ.