ಮೊದಲ ಸಾಲಿಲ್ಲದ ಹಿತ್ತಾಳೆ ಫಲಕ

ಮೊನ್ನೆ ಹುಣಸೆಹಣ್ಣಿನಲ್ಲಿ ಹಿತ್ತಾಳೆ ತಂಬಿಗೆ ತಿಕ್ಕುತ್ತಿದ್ದಾಗ, ಆ ಹುಳಿವಾಸನೆಯೊಡನೆ ಅಬುಧಾಬಿಯ ಮುಸಫ್ಫಾದ ಒಂದು ಕಾರ್ಯಾಗಾರ ನೆನಪಿಗೆ ಬಂದಿತು. ತೈಲ ಕಂಪನಿಗಳ ಯಂತ್ರಗಳಿಗೆ ಫಲಕ ಕೊರೆಯುತ್ತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ಅಲ್ಲಿದ್ದರು. ಅದು 2014 ಎಂದು ಮೊದಲು ಬರೆದೆ. ಪಾಸ್‌ಪೋರ್ಟಿನ ಮುದ್ರೆ ನೋಡಿ 2015 ಎಂದು ತಿದ್ದಿದ್ದೇನೆ.

ನಿವೃತ್ತನಾಗಿ ಆ ಊರಿನಲ್ಲೇ ಮಗಳ ಮನೆಯಲ್ಲಿದ್ದ ನನ್ನನ್ನು ಅಲ್ಲಿನ ಕನ್ನಡಿಗರು ಒಂದು ಶುಕ್ರವಾರ ಉಪನ್ಯಾಸಕ್ಕೆ ಕರೆದಿದ್ದರು. ನಾಜಿಗಳಿಗೆ ಬಲಿಯಾದವರ ನೆನಪಿಗೆಂದು ಜರ್ಮನಿಯ ಕಾಲುದಾರಿಗಳಲ್ಲಿ ಹುದುಗಿಸಿರುವ, ಅಂಗೈಯಗಲದ ಹಿತ್ತಾಳೆ ಹೊದಿಸಿದ ಕಲ್ಲುಗಳು ನನ್ನ ವಿಷಯ. ಒಬ್ಬರಿಗೆ ಒಂದು ಕಲ್ಲು, ಅವರು ಕೊನೆಯದಾಗಿ ತಮ್ಮಿಚ್ಛೆಯಿಂದ ಬಾಳಿದ ಮನೆಯ ಮುಂದೆ. ಬರ್ಲಿನ್ನಿನಲ್ಲಿ ಕಂಡ ಒಬ್ಬ ಹೆಂಗಸಿನ ಕಲ್ಲಿನ ಬರಹವನ್ನು ಕನ್ನಡದಲ್ಲಿ ಕೊರೆಸಿ ಸಭಿಕರ ಕೈಗೆ ಕೊಡಬೇಕೆಂಬುದು ನನ್ನ ಆಸೆ. ಆಕೆಯ ಜನನ, ಗಡೀಪಾರು, ಹತ್ಯೆಯ ದಿನಾಂಕಗಳನ್ನು ಎರಡು ದಾಖಲೆಗಳಲ್ಲಿ ತಾಳೆ ನೋಡಿಯೇ ಒಯ್ದಿದ್ದೆ.

ಕಾರ್ಯಾಗಾರದ ಆ ಹಿರಿಯರು ಕನ್ನಡಕ ಏರಿಸಿ ಎರಡು ಸಲ ಓದಿದರು. ಯಂತ್ರ ಬೇಡ, ಉಳಿಯಲ್ಲೇ ಹೊಡೆಯುವ ಎಂದರು. ಆಮೇಲೆ ಅವರ ಬೆರಳು ಮೊದಲ ಸಾಲಿಗೆ ಮರಳಿತು. ‘ಇಲ್ಲಿ ವಾಸವಾಗಿದ್ದರು’ ಎಂದಿತ್ತು.

“ಇಲ್ಲಿ ಅಂದ್ರೆ ಎಲ್ಲಿ ಸರ್? ಇವರು ಮುಸಫ್ಫಾದಲ್ಲಿ ಇದ್ದದ್ದಾ?”

ಮೂಲದಲ್ಲಿ ಹಾಗೇ ಇದೆ, ಇದು ಮಾದರಿಯಷ್ಟೇ ಎಂದೆ.

“ಇಲ್ಲಿ ಇರುವುದು ನಾನು ಮಾರಾಯ್ರೆ. ಒಂದು ಪಂಪಿನ ಫಲಕ ಇನ್ನೊಂದಕ್ಕೆ ಹೊಡೆದ್ರೆ ನನ್ನನ್ನು ಊರಿಗೆ ಕಳಿಸ್ತಾರೆ. ಇದು ಮನುಷ್ಯರದ್ದು.”

ಉಪನ್ಯಾಸಕ್ಕೆ ಮೂರೇ ದಿನವಿತ್ತು. ವಾದಿಸಿದೆ, ಸ್ವಲ್ಪ ಗದರಿದೆ ಕೂಡ... ಅವರು ಒಪ್ಪಲಿಲ್ಲ. ಗುರುವಾರ ಸಂಜೆ ಹುಣಸೆಹುಳಿಯಲ್ಲಿ ತಿಕ್ಕಿ ಹೊಳಪಿಸಿ ಕೊಟ್ಟ ಫಲಕದಲ್ಲಿ ಹೆಸರಿತ್ತು, ದಿನಾಂಕಗಳಿದ್ದವು. ಮೊದಲ ಸಾಲಿನ ಜಾಗ ಮಾತ್ರ ಖಾಲಿ. ಆಕೆಯ ಬಾಗಿಲಿಗೆ ಒಯ್ಯುವಾಗ ಹೇಳಿ, ಆಗ ಹೊಡೆದುಕೊಡುತ್ತೇನೆ ಎಂದರು. ಮರುದಿನ ಫಲಕ ಕೈಯಿಂದ ಕೈಗೆ ಹೋದಾಗ ಎಲ್ಲರ ಹೆಬ್ಬೆರಳೂ ಆ ಖಾಲಿ ಜಾಗದಲ್ಲೇ ನಿಲ್ಲುತ್ತಿತ್ತು. ಅದೇಕೆ ಹಾಗಿದೆಯೆಂದು ಹೇಳುವುದೇ ನನ್ನ ಉಪನ್ಯಾಸವಾಯಿತು.

2018ರಲ್ಲಿ ಮತ್ತೆ ಹೋದಾಗ ಕಾರ್ಯಾಗಾರಕ್ಕೆ ಬೀಗವಿತ್ತು. ಅವರು ಊರು ಸೇರಿದ ಕೆಲವೇ ತಿಂಗಳಲ್ಲಿ ತೀರಿಕೊಂಡರೆಂದು ಪಕ್ಕದ ವೆಲ್ಡಿಂಗ್ ಅಂಗಡಿಯವರು ಹೇಳಿದರು. ಯಾವಾಗ ಎಂದೆ. ಒಬ್ಬರು ಒಂದು ಇಸವಿ ಹೇಳಿದರು, ಇನ್ನೊಬ್ಬರು ಇನ್ನೊಂದು...

ತಂಬಿಗೆಯ ನಂತರ ಫಲಕವನ್ನೂ ತಿಕ್ಕಿ ಮೇಜಿನ ಮೇಲಿಟ್ಟೆ. ಎಂದೂ ನೋಡದ ಹೆಂಗಸಿನ ಮೂರು ದಿನಾಂಕಗಳು ನನಗೆ ಬಾಯಿಪಾಠ. ಅವನ್ನು ಕೊರೆದವರ ಒಂದು ದಿನಾಂಕವೂ ನನ್ನಲ್ಲಿಲ್ಲ. ಮುಸಫ್ಫಾದಲ್ಲಿ ವಾಸವಾಗಿದ್ದರು ಎಂಬ ಮೊದಲ ಸಾಲನ್ನಷ್ಟೇ ಅವರ ಬಗ್ಗೆ ಖಚಿತವಾಗಿ ಬರೆಯಬಲ್ಲೆ.