ಬೀಗರ ಊರಿನ ಬಾರ್‌ಗಳು

ನನ್ನ ಮಗಳ ಸಂಬಂಧ ಇನ್ನೇನು ಮುರಿದುಬಿತ್ತು ಎನ್ನುವಂತಾದದ್ದು ನರಸೀಪುರದ ಒಂದು ಬಾರ್‌ನಿಂದ. ಆ ಬಾರ್ ಸಿಕ್ಕದಿದ್ದರೆ ನನ್ನ ಮಗಳು ಎಂಥವಳೆಂದು ಗಂಡಿನ ಕಡೆಯವರಿಗೆ ಹೇಳುವವರೂ ಇರುತ್ತಿರಲಿಲ್ಲ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಆ ಊರಿನ ಬಾರ್‌ಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡದೆ ಮುಂದೆ ಹೋಗಲಾರೆ. ಬೈಯುವವರು ಬೇಕಾದಷ್ಟು ಜನ ಇದ್ದಾರೆ, ಬಾಯಿತುಂಬ ಹೊಗಳಿದವರನ್ನು ನಾನಂತೂ ಕಂಡಿಲ್ಲ.

ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಮೂಲ ಹೆಡತಲೆ ಕಡೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಅಮ್ಮ ಸ್ನಾನಕ್ಕೆ ಕಳಿಸುತ್ತಿದ್ದಂಥ ಮನೆತನ. ನಲವತ್ತು ದಾಟಿದ ಮೇಲೆ ಯಾರದೋ ಬೀಳ್ಕೊಡುಗೆಯಲ್ಲಿ ಮೊದಲ ಸಲ ಕುಡಿದೆ. ಹಿಡಿಸಿತು. ವಾರಕ್ಕೊಂದು ದಿನ, ಎರಡೇ ಗ್ಲಾಸು ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡೆ.

ಮೊದಲು ನಮ್ಮೂರಲ್ಲೇ ಪ್ರಯತ್ನಿಸಿದೆ. ಫ್ಯಾಕ್ಟರಿಗಳಿರುವ ಕಡೆ ಒಂದು ಬಾರ್ ಇದೆ. ಸೋಮವಾರ ಶಿವನ ವಾರವೆಂದು ಅಲ್ಲಿ ಮಜ್ಜಿಗೆ, ಒಗ್ಗರಣೆ ಅವಲಕ್ಕಿ ಬಿಟ್ಟು ಬೇರೇನೂ ಕೊಡುವುದಿಲ್ಲ. ಆದರೂ ಬಾಗಿಲು ಮುಚ್ಚುವುದಿಲ್ಲ, ಗಿರಾಕಿಗಳೂ ತಪ್ಪಿಸುವುದಿಲ್ಲ. ಬಂದು ಮಜ್ಜಿಗೆ ಕುಡಿದು, ಎಂದಿನಂತೆ ಜಗಳವಾಡಿ, ಎಂದಿನಂತೆ ರಾಜಿಯಾಗಿ ಮನೆಗೆ ಹೋಗುತ್ತಾರೆ. ಒಂದು ಶನಿವಾರ ನಾನು ತಲೆಯ ಮೇಲಿನ ಹೆಲ್ಮೆಟ್ ತೆಗೆಯದೆ ಅಲ್ಲಿಗೆ ಹೋಗಿ ಮೂಲೆ ಹಿಡಿದು ಕುಳಿತೆ. ‘ನಮಸ್ಕಾರ ಸಾ’ ಎಂದು ಒಂದು ಮೇಜಿನಿಂದ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಮೇಜಿನಿಂದ. ಗಲ್ಲಾದ ಮೇಲಿದ್ದವನೂ ಎದ್ದು ನಿಂತ. ಎಲ್ಲರೂ ನಾನು ಕಿವಿ ಹಿಂಡಿ ಮಗ್ಗಿ ಕಲಿಸಿದವರೇ. ಅವರಲ್ಲೊಬ್ಬ ಬಹಳ ವಿನಯದಿಂದ ಒಂದು ಸ್ಟ್ರಾ ತಂದಿಟ್ಟ, ಹೆಲ್ಮೆಟ್ ತೆಗೆಯದೆ ಕುಡಿಯಲು.

ಆಮೇಲೆ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನನಗೆ ಊರಿನ ಕ್ರಮ ತಿಳಿಸಿದರು. “ಅಲ್ಲಾ ಸಾ, ಮಾನವಂತ್ರು ಯಾರಾದ್ರೂ ನಮ್ಮೂರಲ್ಲಿ ಕುಡೀತಾರಾ? ನಾವು ನರಸೀಪುರಕ್ಕೆ ಓಗ್ಬೇಕು. ಅಲ್ಲಿ ಮಾನವಂತ್ರು ಇಲ್ಲಿಗೆ ಬತ್ತಾರೆ.” ಹೋಗಿ ನೋಡಿದರೆ ನಿಜ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸು ಹತ್ತಿದರೆ, ಅರ್ಧ ದಾರಿಯಲ್ಲಿ ಆ ಕಡೆಯ ಬಸ್ಸು ಎದುರಾಗುತ್ತಿತ್ತು. ಎರಡೂ ಬಸ್ಸಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಗಂಡಸರು ಆಗ ಏಕಾಏಕಿ ಆಚೆ ಕಿಟಕಿಯ ಗದ್ದೆ ನೋಡಲು ಶುರು ಮಾಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಹದಿನೈದು ವರ್ಷ ನಾನೂ ಹಾಗೆ ಗದ್ದೆ ನೋಡಿದ್ದೇನೆ.

ಮೈಸೂರಿನ ದೊಡ್ಡ ಬಾರ್‌ಗಳಿಗೂ ಒಂದೆರಡು ಸಲ ಹೋಗಿದ್ದೆ. ಅಲ್ಲಿನ ಕತ್ತಲಲ್ಲಿ ತಿನ್ನುವ ಪಟ್ಟಿ ಓದಲು ಮೊಬೈಲಿನ ಬೆಳಕು ಹಾಕಬೇಕು, ಬಂದ ಕಡ್ಲೆಕಾಯಿಯನ್ನು ಎಣಿಸಿ ತಿನ್ನಬೇಕು. ನರಸೀಪುರದ ಬಾರ್‌ಗಳು ಹಾಗಲ್ಲ. ಅವು ಬಾರ್ ಆಗಬೇಕೆಂದು ಹುಟ್ಟಿದವೇ ಅಲ್ಲ, ಬೇರೆ ಏನೋ ಆಗಿದ್ದು ಕಾಲಕ್ರಮೇಣ ಬಾರ್ ಆದವು.

ಒಂದರ ಮಾಲೀಕ ಶಾಮಿಯಾನದವನು. ಮದುವೆ ಇಲ್ಲದ ದಿನಗಳಲ್ಲಿ ಸಾಮಾನೆಲ್ಲ ಅವನ ಬಾರ್‌ನಲ್ಲೇ ಇರುತ್ತಿತ್ತು. ಹಾಗಾಗಿ ಮೊದಲು ಬಂದ ಇಬ್ಬರಿಗೆ ಗಂಡುಹೆಣ್ಣು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ. ನಾನೂ ಪಿ.ಟಿ. ಮೇಷ್ಟ್ರೂ ಎಷ್ಟು ಸಲ ಅದರಲ್ಲಿ ಅಕ್ಕಪಕ್ಕ ಕುಳಿತು, ಹಿಂದೆ ಸೀರಿಯಲ್ ಸೆಟ್ ಹಗಲಿನಲ್ಲೇ ಮಿಣಮಿಣ ಎನ್ನುತ್ತಿರುವಾಗ ಈರುಳ್ಳಿ ಪಕೋಡ ತಿಂದಿದ್ದೇವೋ! ಲಗ್ನದ ತಿಂಗಳು ಬಂದರೆ ಮಾತ್ರ ಕೂರಲು ಒಂದು ಸ್ಟೂಲೂ ಇರುತ್ತಿರಲಿಲ್ಲ, ಎಲ್ಲರೂ ನಿಂತೇ ಕುಡಿಯಬೇಕಿತ್ತು.

ಇನ್ನೊಂದು, ಮುಚ್ಚಿಹೋದ ಟಾಕೀಸಿನ ಕುರ್ಚಿಗಳನ್ನು ಸಾಲುಸಾಲಾಗಿ ನೆಲಕ್ಕೆ ಬಿಗಿದಿದ್ದ ಬಾರ್. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕು. ಎದುರಿಗೆ ಬರೀ ಸುಣ್ಣದ ಗೋಡೆ. ಮುಖ ನೋಡಿಕೊಂಡು ಹೇಳಲಾಗದ ಮಾತು ಅಲ್ಲಿ ಸಲೀಸಾಗಿ ಬರುತ್ತಿತ್ತು. ಮತ್ತೊಂದರ ಹಿತ್ತಿಲಲ್ಲಿ ಗದ್ದೆಗೆ ನೀರು ಹೋಗುವ ಕಾಲುವೆ. ಅದರ ಮೇಲೆ ಅಡ್ಡಲಾಗಿ ಹಲಗೆ ಹಾಕಿ ಮೇಜು ಮಾಡಿದ್ದರು. ಪ್ಯಾಂಟು ಮಡಿಚಿ, ಕಾಲನ್ನು ನೀರಿಗೆ ಇಳಿಬಿಟ್ಟು ಕುಡಿಯುವುದು. ತಣ್ಣನೆಯ ನೀರಲ್ಲಿ ಕಾಲಿಟ್ಟುಕೊಂಡು ಕೈ ಮಿಲಾಯಿಸಿ ಜಗಳವಾಡಿದವರನ್ನು ನಾನು ಇದುವರೆಗೆ ನೋಡಿಲ್ಲ. ನಮ್ಮ ಸ್ಟಾಫ್ ರೂಮಿಗೂ ಅಂಥದೊಂದು ಕಾಲುವೆ ಬೇಕೆಂದು ಪಿ.ಟಿ. ಮೇಷ್ಟ್ರು ಹೇಳುತ್ತಿದ್ದರು.

ಆದರೆ ನಾನು ಖಾಯಂ ಆದದ್ದು ಹಳೆಯ ತೊಟ್ಟಿಮನೆಯಲ್ಲಿದ್ದ ಒಂದು ಬಾರ್‌ಗೆ. ಹೊರಗೆ ಸಣ್ಣದೊಂದು ಬೋರ್ಡು, ಒಳಗೆ ಕಂಬಗಳ ನಡುವೆ ಆರೇಳು ಮೇಜು. ಅಲ್ಲಿ ಬಡಿಸುತ್ತಿದ್ದವರು ನನ್ನ ವಯಸ್ಸಿನವರೇ, ತೆಳ್ಳಗಿನ ಮನುಷ್ಯ, ತೋಳು ಮಡಿಚಿದ ಬಿಳಿ ಅಂಗಿ. ಗ್ಲಾಸು ಇಡುವಾಗ ಕಿರುಬೆರಳನ್ನು ಅಡಿಗೆ ಕೊಟ್ಟು ಸದ್ದಾಗದಂತೆ ಇಡುತ್ತಿದ್ದರು. ಯಾರಿಗೆ ನೀರು ಎಷ್ಟು, ಯಾರಿಗೆ ಹಸಿಮೆಣಸಿನಕಾಯಿ ಆಗದು, ಯಾರ ಮುಂದೆ ಯಾರನ್ನು ಕೂರಿಸಬಾರದು ಎಲ್ಲವೂ ಅವರಿಗೆ ಗೊತ್ತು. ಕೈತೊಳೆಯುವ ಜಾಗದಲ್ಲಿ ಸೋಪಿನ ಪಕ್ಕ ಒಂದು ಬಟ್ಟಲು ವಿಭೂತಿ ಇಟ್ಟವರೂ ಅವರೇ. ನನ್ನಂಥವರು ಬರುವಾಗ ಹಣೆ ಒರೆಸಿಕೊಂಡು ಬರುತ್ತಿದ್ದೆವಲ್ಲ, ಹೋಗುವಾಗ ಮನೆಯಿಂದ ಹೊರಟಂತೆಯೇ ಹೋಗಲಿ ಎಂದು. ಇಂಥ ದಯೆಯನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ಆದರೆ ಅದರಿಂದಲೇ ನನ್ನಾಕೆಗೆ ಸಿಕ್ಕಿಬಿದ್ದೆ. “ಬೆಳಿಗ್ಗೆ ಅಚ್ಚಿಕೊಂಡ ಈಬೂತಿ ಮಧ್ಯಾಹ್ನಕ್ಕೇ ಉದುರೋಯ್ತದೆ. ನಿಮ್ದು ಸಂಜೆಗೆ ಒಸ್ದಾಗ್ತದಲ್ಲ, ಅದೆಂಗೆ?” ಎಂದು ಕೇಳಿದಳು. ಒಂದು ವಾರ ಮಾತು ಬಿಟ್ಟಳು. ಆಮೇಲೆ ಎರಡೇ ಗ್ಲಾಸು ಎಂಬ ಲೆಕ್ಕಕ್ಕೆ ಒಪ್ಪಿದಳು. ಮಗಳಿಗೆ ಮಾತ್ರ ಹೇಳುವುದಿಲ್ಲ ಎಂದು ಇಬ್ಬರೂ ಮಾತು ಮಾಡಿಕೊಂಡೆವು.

ಬಾರ್‌ನಲ್ಲಿ ಬಡಿಸುತ್ತಿದ್ದ ಆ ಮನುಷ್ಯನಿಗೊಂದು ನೇಮವಿತ್ತು. ಒಮ್ಮೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ ನಾನೇ ನಕ್ಕೆ. ಅವರು ನನ್ನನ್ನು ಕಂಬ ನೋಡುವಂತೆ ನೋಡಿ ಮುಂದೆ ಹೋದರು. ಮುಂದಿನ ಶನಿವಾರ ಕೇಳಿದೆ. “ಇಲ್ಲಿ ಕಂಡ ಮುಖ ಬೀದೀಲಿ ಕಾಣಕಿಲ್ಲ ಸಾ. ಕಂಡ್ರೆ ಈ ಕೆಲ್ಸ ಮಾಡಕಾಗಕಿಲ್ಲ” ಎಂದರು. ಹೆಸರು, ಊರು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೋದ ವರ್ಷ ಮಗಳಿಗೆ ಗಂಡು ನೋಡಲು ಶುರು ಮಾಡಿದೆವು. ಅವಳು ಇಲ್ಲೇ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ನಾಲ್ಕು ಸಂಬಂಧ ಬಂದು ಹೋಗಿದ್ದವು. ಐದನೆಯದು ನರಸೀಪುರದ ಪಕ್ಕದ ಸೋಸಲೆ ಕಡೆಯದು. ಹುಡುಗ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ನೋಡಲು ಬಂದವನು ನನ್ನ ಮಗಳನ್ನು ಸಂಬಳ ಕೇಳದೆ ಅವಳ ಕೆಲಸ ಏನೆಂದು ಕೇಳಿದನಂತೆ. ಅವಳಿಗೆ ಅದೊಂದೇ ಸಾಕಾಯಿತು. “ಇದು ಆಗ್ಲಿ ಅಮ್ಮ” ಎಂದಳಂತೆ ತಾಯಿಯ ಹತ್ತಿರ. ನನ್ನ ಹತ್ತಿರ ಇಂಥದ್ದೆಲ್ಲ ಹೇಳುವ ರೂಢಿ ಅವಳಿಗಿರಲಿಲ್ಲ. ನಾನೋ ಜಾತಕ ನೋಡಿದೆ, ಜಮೀನು ನೋಡಿದೆ, ಹುಡುಗನ ಸರ್ವೀಸು ಪರ್ಮನೆಂಟಾ ಎಂದು ವಿಚಾರಿಸಿದೆ. ನಾನು ಹದಿನೈದು ವರ್ಷ ಅಡಗಿಕೊಂಡಿದ್ದ ಊರೇ ಬೀಗರ ಊರಾಗುತ್ತದೆ ಎಂಬುದು ಮಾತ್ರ ಈ ಗಣಿತದ ಮೇಷ್ಟ್ರ ತಲೆಗೆ ಹೊಳೆಯಲಿಲ್ಲ.

ಮಾತುಕತೆಗೆ ಒಂದು ಭಾನುವಾರ ಬೆಳಿಗ್ಗೆ ಅವರ ಕಡೆಯ ಏಳು ಜನ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಮಾತು ಕೂಡಿದರೆ ಬಂದವರು ಊಟಕ್ಕೆ ಏಳುತ್ತಾರೆ, ಇಲ್ಲವಾದರೆ ನೀರು ಕುಡಿದು ಹೊರಡುತ್ತಾರೆ. ನಾನೇ ತಟ್ಟೆಯಲ್ಲಿ ನೀರು ಹಿಡಿದು ಒಬ್ಬೊಬ್ಬರಿಗೆ ಕೊಡುತ್ತ ಬಂದೆ. ಆರು ಜನ ಚಾಪೆಯ ಮೇಲಿದ್ದರು. ಏಳನೆಯವರು ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಕಡೆ ಒಬ್ಬರೇ ಕುಳಿತಿದ್ದರು. ಗ್ಲಾಸು ಕೊಡಲು ಬಗ್ಗಿದೆ. ತೋಳು ಮಡಿಚಿದ ಬಿಳಿ ಅಂಗಿ. ಕಿರುಬೆರಳನ್ನು ಅಡಿಗೆ ಕೊಟ್ಟು ಗ್ಲಾಸು ಹಿಡಿದುಕೊಂಡರು. ಅವರು ನನ್ನನ್ನು ಕಂಬ ನೋಡುವಂತೆ ನೋಡಿ ನೀರು ಕುಡಿದು ಗ್ಲಾಸು ಕೊಟ್ಟರು.

ಅವರು ಹುಡುಗನ ಸೋದರಮಾವ. ಚಾಪೆಯ ನಡುವೆ ಕೂರಬೇಕಾದವರು. ಬಾರ್‌ನಲ್ಲಿ ಕೆಲಸ ಎಂದು ಭಾವನೇ, ಎಂದರೆ ಹುಡುಗನ ತಂದೆಯೇ, ಅವರನ್ನು ಬಾಗಿಲಲ್ಲಿ ಕೂರಿಸಿದ್ದರು.

ಹುಡುಗನ ತಂದೆ ಗಟ್ಟಿ ಆಳು, ಮಾತೂ ಗಟ್ಟಿ. ಕೊಡುವುದು ಬಿಡುವುದು ಯಾವುದನ್ನೂ ಕೇಳಲಿಲ್ಲ. “ಮೇಷ್ಟ್ರೇ, ನಂದು ಒಂದೇ ಮಾತು. ನಮ್ಮಣ್ಣ ಕುಡ್ದು ಕುಡ್ದು ಓದ. ಅವತ್ತಿಂದ ನಮ್ಮನೇಲಿ ಅದನ್ನ ಮುಟ್ಟೋರಿಲ್ಲ. ಮುಟ್ಟೋ ಮನೆಯಿಂದ ಎಣ್ಣೂ ತರಕಿಲ್ಲ. ನಿಮಗೇನಾದ್ರೂ ಆ ಅಭ್ಯಾಸ?”

“ಇಲ್ಲ” ಎಂದೆ. ಸುಳ್ಳು ಹೇಳುವವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು, ಉಸಿರು ತೆಗೆದುಕೊಳ್ಳುವಷ್ಟು ಸುಲಭವಾಗಿ ಹೇಳಿಬಿಟ್ಟೆ.

ಹುಡುಗನ ತಂದೆ ಬಾಗಿಲ ಕಡೆ ತಿರುಗಿದರು. “ನಮ್ಮಲ್ಲಿ ಸಂಬಂಧ ಕೂಡ್ಸೋಕ್ ಮುಂಚೆ ಇವ್ನ ಒಂದ್ ಮಾತ್ ಕೇಳ್ತೀವಿ. ಸುತ್ತಮುತ್ತ ಕುಡಿಯೋರ ಮುಖ ಎಲ್ಲಾ ಇವ್ನಿಗೆ ಗೊತ್ತು. ಅದಕ್ಕೇ ಕರ್ಕೊಂಡ್ ಬರೋದು. ಏನ್ಲಾ, ಮೇಷ್ಟ್ರನ್ನ ಎಲ್ಲಾದ್ರೂ ಕಂಡಿದ್ದೀಯಾ?”

“ಇಲ್ಲ ಬಾವ” ಎಂದರು ಅವರು.

ಬದುಕಿದೆ ಎನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಮನೆಯಲ್ಲಿ ಅವರಿಗಿದ್ದ ಬೆಲೆ ಅದೊಂದೇ, ಅವರ ಮಾತು ಸುಳ್ಳಾಗುವುದಿಲ್ಲ ಎಂಬುದು. ಅದನ್ನು ನನಗಾಗಿ ಬಿಟ್ಟುಕೊಟ್ಟು ಅವರು ಮತ್ತೆ ಚಪ್ಪಲಿಗಳ ಕಡೆ ನೋಡುತ್ತ ಕುಳಿತರು. ಅಡುಗೆಮನೆಯ ಬಾಗಿಲ ಹಿಂದೆ ಮಗಳ ಸೀರೆಯ ಅಂಚು ಕಾಣುತ್ತಿತ್ತು. ಅವಳಿಗೆ ಬೇಕಾದ ಮನೆ ಇನ್ನು ಒಂದು ಮಾತಿನಲ್ಲಿ ಹೋಗುತ್ತದೆ ಎಂದು ಗೊತ್ತಿದ್ದೂ ಬಾಯಿ ತಡೆಯಲಾಗಲಿಲ್ಲ.

“ಅವರು ನನ್ನ ಮಾನ ಉಳಿಸೋಕೆ ಹೇಳ್ತಿದ್ದಾರೆ. ನಾನು ಹದಿನೈದು ವರ್ಷದಿಂದ ಶನಿವಾರ ಅವರಲ್ಲಿಗೆ ಹೋಗ್ತೀನಿ. ಕುಡೀತೀನಿ. ತಪ್ಪು ನಂದು, ಅವರದಲ್ಲ” ಎಂದೆ.

ಹುಡುಗನ ತಂದೆ ಎದ್ದೇಬಿಟ್ಟರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಮಿಕ್ಕವರೂ ಏಳತೊಡಗಿದರು. ಆಗ ಬಾಗಿಲ ಹತ್ತಿರದಿಂದ ಸೋದರಮಾವ ದನಿ ಎತ್ತಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಬಾವ, ವಸಿ ನಿಲ್ಲು. ಸುಳ್ಳೇಳ್ದೆ, ನಂದು ತಪ್ಪೇ. ಮೇಷ್ಟ್ರ ಇಸ್ಯ ನಾ ಏನೂ ಯೋಳಕಿಲ್ಲ. ಎರಡು ಕುಡೀತಾರೆ, ಏಳ್ತಾರೆ, ಅಷ್ಟೇ. ಆದ್ರೆ ಈ ಉಡ್ಗೀನ ನೀನು ಇವತ್ತು ನೋಡ್ತಿದ್ದೀಯ. ನಾನು ಈ ಮಗೀನ ಅದ್ನೈದು ವರ್ಸದಿಂದ ಬಲ್ಲೆ. ಎರಡ್ನೇ ಗ್ಲಾಸ್ ಮಡಗ್ತಿದ್ದಂಗೆ ಇವ್ರ ಬಾಯಲ್ಲಿ ಅವಳ ಮಾತೇ. ಲೆಕ್ಕದಲ್ಲಿ ನೂರಕ್ಕೆ ನೂರು ತಗಂಡಿದ್ದು, ಅವರಮ್ಮನ ಆಪರೇಸನ್ ಆದಾಗ ಕಾಲೇಜು ಬುಟ್ಟು ಒಂದ್ ತಿಂಗ್ಳು ಮುದ್ದೆ ಕಟ್ಟಿ ಮನೆ ನೋಡ್ಕಂಡಿದ್ದು, ಮೊದಲ್ನೇ ಸಂಬಳದಲ್ಲಿ ಅಪ್ಪಂಗೆ ಕನ್ನಡಕ ತಂದಿದ್ದು, ಎಲ್ಲಾ ಕೇಳಿವ್ನಿ. ಸಣ್ಣವಳಿದ್ದಾಗ ಸೀಬೆ ಮರದಿಂದ ಬಿದ್ದು ಕೈ ಮುರ್ಕಂಡ್ಳು. ಅವತ್ತು ಇವ್ರು ಗ್ಲಾಸ್ ಮುಟ್ನಿಲ್ಲ. ಟವಲ್ನಲ್ಲಿ ಮುಖ ಮುಚ್ಕಂಡು ಅತ್ತು ಎದ್ದೋದ್ರು. ಇಂತಾ ಎಣ್ಣು ನಮ್ಮನೆಗೆ ಬ್ಯಾಡ ಅಂದ್ರೆ ನಿನ್ನಿಷ್ಟ. ಸೋದರಮಾವ ನಾನು, ನಂಗೆ ಬೇಕು.”

ಹುಡುಗನ ತಂದೆ ಬಾಗಿಲ ಕಡೆಗೇ ನೋಡುತ್ತ ಹೆಗಲಿನ ಟವೆಲ್ ಕೆಳಗಿಳಿಸಿದರು. ಆಮೇಲೆ ನನ್ನ ಮುಖ ನೋಡದೆ, “ಮದ್ವೆ ದಿನ ಮುಟ್ಬ್ಯಾಡಿ. ಆಮೇಲಿಂದು ನಿಮ್ಮನೆ ಇಸ್ಯ” ಎಂದರು. ಬಾಮೈದನಿಗೆ, “ಏಳ್ಲಾ, ಕೈ ತೊಳ್ಕೊ. ನನ್ ಪಕ್ಕ ಕುಂತ್ಕೊ” ಎಂದರು. ನನ್ನಾಕೆ ಒಳಗೆ ಆಗಲೇ ಎಲೆ ಹಾಕಲು ಶುರು ಮಾಡಿದಳು. ನಾನು ಬಡಿಸಿದೆ. ಆ ಮನುಷ್ಯನಿಗೆ ಪಾಯಸ ಬಡಿಸುವಾಗ ನನ್ನ ಕಣ್ಣು ತುಂಬಿತ್ತು, ಅವರು ಎಲೆಯನ್ನೇ ನೋಡುತ್ತ ಸಾಕು ಎಂದು ಕೈ ಅಡ್ಡ ಹಿಡಿದರು.

ಅವರೆಲ್ಲ ಹೋದ ಮೇಲೆ ನಾನು ಜಗಲಿಯಲ್ಲಿ ಕುಳಿತಿದ್ದೆ. ಮಗಳು ಬಂದು ಕಂಬಕ್ಕೆ ಒರಗಿ ನಿಂತಳು. ಕುಡಿಯುವ ವಿಷಯ ಕೇಳುತ್ತಾಳೆ ಎಂದು ಉತ್ತರ ಹುಡುಕುತ್ತಿದ್ದೆ.

“ಅಪ್ಪಾಜಿ, ನಾನ್ ಕೈ ಮುರ್ಕೊಂಡಾಗ ನೀವು ಅತ್ರಾ?” ಎಂದಳು.

ಅವತ್ತು ಆಸ್ಪತ್ರೆಯಲ್ಲಿ ನಾನು ಅವಳಿಗೆ ಹೇಳಿದ್ದು, ಬಲಗೈ ಮುರಿದುಕೊಂಡೆಯಲ್ಲ, ಇನ್ನು ಪರೀಕ್ಷೆ ಹೇಗೆ ಬರೆಯುತ್ತೀಯ ಎಂದು. ಮಕ್ಕಳನ್ನು ಮುಂದೆ ಹೊಗಳಿದರೆ, ಮುದ್ದಿಸಿದರೆ ಕೆಡುತ್ತಾರೆ ಎಂದು ನಂಬಿದ್ದ ಮೇಷ್ಟ್ರು ನಾನು. ನೂರಕ್ಕೆ ನೂರು ತಂದಾಗಲೂ ಅಂಕಪಟ್ಟಿಗೆ ಸಹಿ ಹಾಕಿ ವಾಪಸ್ಸು ಕೊಟ್ಟಿದ್ದೆ.

“ಹೂಂ” ಎಂದೆ.

“ನಂಗೆ ಹೇಳ್ಬಾರ್ದಿತ್ತಾ?”

ಕೂತ್ಕೊ ಎಂದೆ. ಅವಳು ಪಕ್ಕದಲ್ಲಿ ಕುಳಿತಳು. ಕೈಯಲ್ಲಿ ಗ್ಲಾಸಿಲ್ಲದೆ ನಾನು ನನ್ನ ಮಗಳ ಬಗ್ಗೆ ಯಾವತ್ತೂ ಮಾತಾಡಿದವನಲ್ಲ.