ಹಿಸ್ಕೆಯ ಕೆಂಪು ದೀಪ, ಹಸಿರು ದೀಪ

ಹಿಸ್ಕೆಯ ಮುತ್ತಜ್ಜ ಸ್ಯೂರ್ಡ್, ವೊರ್ಕುಮ್ ಬಂದರಿನ ಕಟ್ಟೆಯ ತುದಿಯಲ್ಲಿ ಎಣ್ಣೆದೀಪ ಕಾದವನು. ಒಂದು ಚಳಿಗಾಲದ ಬಿರುಗಾಳಿಯಲ್ಲಿ ಎಣ್ಣೆ ಮುಗಿದಾಗ ಕೂತ ಕುರ್ಚಿಯನ್ನೇ ಮುರಿದು ಉರಿಗೆ ಹಾಕಿ, ಬೆಳಗಾಗುವವರೆಗೆ ನಿಂತೇ ಇದ್ದನಂತೆ. ಅಜ್ಜಿ ಆಂತ್ಯೆ ತುಂಬು ಬಸುರಿನಲ್ಲೂ ದೋಣಿಯ ಚುಕ್ಕಾಣಿ ಬಿಟ್ಟವಳಲ್ಲ. ಹೆತ್ತ ಮೂರನೇ ದಿನಕ್ಕೆ ಮತ್ತೆ ಹಿಡಿದಳು. ಅಪ್ಪ ವೀಬೆ ಮಂಜಿನೊಳಗಿನ ದೀಪ ನೋಡಿಯೇ ಯಾರ ದೋಣಿ, ಯಾವ ಕಡೆ ಮುಖ ಎಂದು ಹೇಳುತ್ತಿದ್ದ. ಇಂಥವರ ವಂಶದ ಹೆಣ್ಣಿಗೆ ಎಪ್ಪತ್ತೆರಡನೇ ವಯಸ್ಸಿನಲ್ಲಿ ಎದುರು ನಿಂತದ್ದು ಕಡಲೆಕಾಳಿಗಿಂತ ಚಿಕ್ಕ ಎರಡು ದೀಪ.

ನಲವತ್ತು ವರ್ಷ ಜಲ್ಲಿ ದೋಣಿ ನಡೆಸಿದ ಮೇಲೆ ಹಿಸ್ಕೆ ಬಂದರಿಗೆ ಬರುವ ದೋಣಿಗಳ ಪಟ್ಟಿ ಬರೆಯಲು ಕೂತಳು. ಅಲ್ಲಿದ್ದ ಹಳೇ ಕಂಪ್ಯೂಟರಿನ ಮುಖದಲ್ಲಿ ಎರಡು ದೀಪ. ಹಸಿರು ಹತ್ತಿದರೆ ಜೀವ ಇದೆ ಎಂದು, ಕೆಂಪು ಮಿಟುಕಿದರೆ ಒಳಗೆ ಬರೆದುಕೊಳ್ಳುತ್ತಿದೆ ಎಂದು. ಎರಡೂ ಕೆಟ್ಟುಹೋಗಿದ್ದವು. ಪರದೆ ಕಪ್ಪಾದರೆ ಕೆಲಸ ಮುಗಿಯಿತೆಂದು ತಿಳಿದು ಆಕೆ ಪ್ಲಗ್ ಕಿತ್ತಳು. ವಾರದ ಪಟ್ಟಿ ನೀರುಪಾಲು. ಒಂದಲ್ಲ, ಎರಡು ಸಲ. ಬಂದರಿನ ಕಮಿಟಿಯವರು ಮೆತ್ತಗೆ ಹೇಳಿದರು: ಗುರುವಾರದೊಳಗೆ ಇದು ಸರಿಯಾಗದಿದ್ದರೆ ಪಟ್ಟಿಯ ಕೆಲಸ ದೌವೆಗೆ. ದೌವೆ ಅವಳ ಅಣ್ಣನ ಮಗ. ಒಳ್ಳೆಯವನೇ. ಅದೇ ಅವಳಿಗೆ ಹೆಚ್ಚು ಉರಿ.

ಗುರುವಾರ ಬೆಳಿಗ್ಗೆ ಹೊರಗೆ ಹಾಲಿನಂಥ ಮಂಜು. ಹಿಸ್ಕೆ ಪ್ಲಗ್ ತೆಗೆದು ಪೆಟ್ಟಿಗೆಯ ಪಕ್ಕ ಬಿಚ್ಚಿದಳು. ಹಾಳಾದ ಚಾರ್ಜರಿನಿಂದ ಕಿತ್ತ ದೀಪಗಳನ್ನು ಹಿಂದಿನ ದಿನವೇ ಹಳೇ ವೈರಿಗೆ ಬೆಸೆದಿದ್ದಳು: ಉದ್ದ ಕಾಲಿಗೆ ಕೆಂಪು ವೈರು, ಗಿಡ್ಡ ಕಾಲಿಗೆ ಕಪ್ಪು. ಇನ್ನು ಮದರ್‌ಬೋರ್ಡಿನ ಅಂಚಿನ ಮುಳ್ಳಿನಂಥ ಪಿನ್ನುಗಳಿಗೆ ಸಿಕ್ಕಿಸುವುದಷ್ಟೇ ಬಾಕಿ.

"ಮುಳ್ಳಿನ ಪಕ್ಕ ಅಕ್ಷರ ಇದೆ, ಓದು ಅತ್ತೆ," ಎಂದ ದೌವೆ, ಸಕ್ಕರೆ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಮೆತ್ತುತ್ತ.

"ಇರುವೆ ಬರೆದದ್ದನ್ನ ಇರುವೆ ಓದಲಿ. ಕೆಂಪು ಎಡಕ್ಕೆ. ಹುಟ್ಟಿದಾಗಿಂದ ಕೆಂಪು ಎಡಕ್ಕೇ ಕಣೋ."

"ಅದು ದೋಣಿಗೆ. ಎಡ ಮಗ್ಗುಲಿಗೆ ಕೆಂಪು ದೀಪ, ಬಲಕ್ಕೆ ಹಸಿರು."

"ನೀರಿನ ಮೇಲಿನ ನ್ಯಾಯ ನೆಲದ ಮೇಲೂ ನಡೀಬೇಕು."

ಎರಡು ದೀಪದ ಕೆಂಪು ವೈರನ್ನೂ ಎಡಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ಗುಂಯ್ ಎಂದಿತು, ಪರದೆ ಬೆಳಗಿತು. ದೀಪ ಮಾತ್ರ ಕಣ್ಣು ಬಿಡಲಿಲ್ಲ.

"ಸುಟ್ಟು ಹಾಕಿದ್ಯಾ?"

"ನಿನ್ನ ಬಾಯಿಗೆ ಬೆಣ್ಣೆ ಸಾಲದಾ?"

"ಹನ್ನೊಂದಕ್ಕೆ ಕಮಿಟಿಯವರು ಕಾಫಿಗೆ ಬರ್ತಾರೆ. ಹೊಸ ಕಂಪ್ಯೂಟರು ನನ್ನ ಕಾರಲ್ಲೇ ಇದೆ. ತರ್ಲಾ?"

ಹಿಸ್ಕೆ ಕಾಫಿ ಹಿಡಿದು ಕಿಟಕಿಗೆ ಹೋದಳು. ಮಂಜನ್ನು ಸೀಳಿಕೊಂಡು, ಹಗಲಲ್ಲೇ ದೀಪ ಹಚ್ಚಿದ ಜಲ್ಲಿ ದೋಣಿಯೊಂದು ನೇರ ಅವಳತ್ತ ಬರುತ್ತಿತ್ತು. ಅದರ ಕೆಂಪು ದೀಪ ಅವಳ ಬಲಗೈ ಕಡೆಗೆ. ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

"ಥೂ ನನ್ನ ಬುದ್ಧಿಗೆ. ಈ ಪೆಟ್ಟಿಗೆಯ ಚುಕ್ಕಾಣಿ ಹಿಡಿದು ಕೂತಿಲ್ಲವೋ ನಾನು, ಇದು ನನ್ನ ಎದುರಿಗೆ ಬರ್ತಿದೆ. ಎದುರು ಬರೋದರ ಕೆಂಪು ನಮ್ಮ ಬಲಕ್ಕೆ."

"ಅತ್ತೆ, ಅದು ಬರೀ ಪ್ಲಸ್ಸು ಮೈನಸ್ಸು."

"ನೀನು ಹಾಗೇ ಅನ್ನು."

ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ವೈರುಗಳನ್ನು ತಿರುವಿ ಸಿಕ್ಕಿಸಿದಳು. ಈ ಸಲ ಗುಂಡಿ ಒತ್ತಿದ್ದೇ ಹಸಿರು ಹತ್ತಿತು. ಬಂದ ದೋಣಿಯ ಹೆಸರು ಪಟ್ಟಿಗೆ ಹಾಕಿದಳು, ಕೆಂಪು ಮಿಟುಕಿತು. ಆಮೇಲೆ ಆರಿಸಿದಳು. ಪರದೆ ಕಪ್ಪಾಯಿತು, ಕೆಂಪು ಇನ್ನೂ ಮಿಟುಕುತ್ತಲೇ ಇತ್ತು. ಹಿಸ್ಕೆ ಕೈ ಕಟ್ಟಿ ಕೂತಳು.

"ನೋಡು, ಇನ್ನೂ ಉಣ್ತಾ ಇದೆ. ಉಣ್ಣೋರ ಮುಂದಿನ ತಟ್ಟೆ ಎಳೆದಿದ್ದೆ ನಾನು, ಎರಡು ಸಲ."

ಕೆಂಪು ಪೂರ್ತಿ ಆರಿದ ಮೇಲೆಯೇ ಆಕೆ ಪ್ಲಗ್ ಕಿತ್ತಳು. ಹೊರಗೆ ಕಮಿಟಿಯವರ ಸೈಕಲ್ಲುಗಳು ಗೋಡೆಗೊರಗಿದ ಸದ್ದು. ದೌವೆ ಸ್ಕ್ರೂಡ್ರೈವರಿಗೆ ಕೈ ಚಾಚಿದ.

"ಕೊಡು ಅತ್ತೆ, ಮುಚ್ಚಳ ನಾನು ಹಾಕ್ತೀನಿ. ನಿನ್ನ ಕೈ ನಡುಗ್ತಿದೆ."

"ಬೇಡ. ನಡುಗೋ ಕೈಲಿ ಸ್ಕ್ರೂ ಬೇಗ ತಿರುಗುತ್ತೆ. ನೀನು ಹೋಗಿ ಅವರಿಗೆ ಕಾಫಿ ಬಗ್ಗಿಸು."